ಬಿಸಿಲು ಪೆಟ್ಟಿಗೆಯಲ್ಲಿ ಕಲ್ಲಿಟ್ಟರೆ ರಾತ್ರಿ ಅನ್ನ ಬೇಯುತ್ತಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಸೋಲಾರ್ ಕುಕ್ಕರ್ ಮಧ್ಯಾಹ್ನಕ್ಕೆ ಸರಿ, ಆದರೆ ನಮ್ಮ ಕಡೆ ಮನೆಮಂದಿ ಎಲ್ಲಾ ಕೂಡಿ ಉಣ್ಣುವುದು ರಾತ್ರಿ. ಹಗಲಿನ ಬಿಸಿಯನ್ನು ರಾತ್ರಿ ತನಕ ಕೂಡಿಡುವುದು ಹೇಗೆ, ಅದೂ ಕಡಿಮೆ ಖರ್ಚಿನಲ್ಲಿ? ಗದಗ, ಹಾವೇರಿ, ಹುಬ್ಬಳ್ಳಿ, ಧಾರವಾಡ ಎಲ್ಲಾ ಕಡೆಯಿಂದ ಇದನ್ನೇ ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇನೆ. ಬೇಕಾದ ಕಡೆ ಲೆಕ್ಕ ಹಾಕಿ ತೋರಿಸಿದ್ದೇನೆ. ಈ ವಿಷಯದಲ್ಲಿ ಲೆಕ್ಕ ಬಿಟ್ಟು ಮಾತಾಡಿದರೆ ಓದುಗರ ದುಡ್ಡು ಹಾಳಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಪೆಟ್ಟಿಗೆ ಥರದ ಸೋಲಾರ್ ಕುಕ್ಕರ್ ಇದೆ. ಹನ್ನೊಂದಕ್ಕೆ ಇಟ್ಟರೆ ಎರಡರ ಹೊತ್ತಿಗೆ ಬೇಳೆ, ಅನ್ನ ಬೆಂದಿರುತ್ತದೆ. ಆದರೆ ನಮ್ಮ ಮನೆಯವರು ಅಂಗಡಿ ಮುಚ್ಚಿ ಬರುವುದು ರಾತ್ರಿ ಎಂಟೂವರೆಗೆ. ಅಷ್ಟೊತ್ತಿಗೆ ಎಲ್ಲಾ ಆರಿ ಹೋಗಿ ಮತ್ತೆ ಗ್ಯಾಸ್ ಹಚ್ಚಬೇಕು. ಪೆಟ್ಟಿಗೆ ತಳದಲ್ಲಿ ಕರಿಕಲ್ಲಿನ ತುಂಡು ಹಾಕಿದರೆ ಬಿಸಿ ನಿಲ್ಲುತ್ತದೆ ಅಂತ ಹೇಳುತ್ತಾರೆ. ಹಾಕಲೇ? — ಗೃಹಿಣಿ, ಗದಗ

ಉತ್ತರ: ಹಾಕಬಹುದು ಅಕ್ಕಾ, ಆದರೆ ಅದರಿಂದ ನಿಮ್ಮ ಕಷ್ಟ ತೀರುವುದಿಲ್ಲ. ಐದು ಕಿಲೋ ಕಲ್ಲು 110 ಡಿಗ್ರಿಯಿಂದ 70ಕ್ಕೆ ಇಳಿಯುವಾಗ ಕೊಡುವ ಬಿಸಿ ಸುಮಾರು 160 ಕಿಲೋಜೂಲ್ (ಬಿಸಿಯನ್ನು ಅಳೆಯುವ ಮಾನ ಇದು). ನಿಮ್ಮ ಪಾತ್ರೆಯಲ್ಲಿರುವ ಮೂರು ಕಿಲೋ ಸಾರು-ಬೇಳೆ 95ರಿಂದ 70ಕ್ಕೆ ಇಳಿಯುವಾಗ ಕೊಡುವುದು ಸುಮಾರು 300. ಅಂದರೆ ಕಲ್ಲಿಗಿಂತ ನಿಮ್ಮ ಅಡುಗೆಯೇ ಜಾಸ್ತಿ ಬಿಸಿ ಹಿಡಿದುಕೊಂಡಿದೆ. ಕಾರಣ ನೀರು. ತೂಕಕ್ಕೆ ತೂಕ ನೋಡಿದರೆ ನೀರು ಕಲ್ಲಿನ ಐದು ಪಟ್ಟು ಬಿಸಿ ಹಿಡಿಯುತ್ತದೆ. ಮೇಲಾಗಿ ಐದು ಕಿಲೋ ಕಲ್ಲು ಬೆಳಿಗ್ಗೆ ತಾನು ಕಾಯುವುದಕ್ಕೇ ಹತ್ತಿರ ಹತ್ತಿರ ಒಂದು ತಾಸಿನ ಬಿಸಿಲು ತಿನ್ನುತ್ತದೆ, ಅಷ್ಟು ಹೊತ್ತು ನಿಮ್ಮ ಬೇಳೆ ಕಾಯಬೇಕು.

ಹಾಗಾದರೆ ಅಡುಗೆ ಆರುವುದು ಯಾಕೆ? ಗಾಜು. ಬಿಸಿಲಿರುವಾಗ ಬಿಸಿಯನ್ನು ಒಳಗೆ ಬಿಡುವ ಅದೇ ಗಾಜು, ಬಿಸಿಲು ಹೋದ ಮೇಲೆ ಬಿಸಿಯನ್ನು ಹೊರಗೆ ಬಿಡುತ್ತದೆ. ಪೆಟ್ಟಿಗೆಯ ಪಕ್ಕಗಳಲ್ಲೂ ಸಾಮಾನ್ಯವಾಗಿ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಹೊದಿಕೆ ಇರುವುದಿಲ್ಲ. ಆದ್ದರಿಂದ ಸಂಜೆಗೆ ಪಾತ್ರೆಯನ್ನು ಆ ಪೆಟ್ಟಿಗೆಯಲ್ಲಿ ಬಿಡಲೇಬೇಡಿ. ಅದಕ್ಕೊಂದು ಬೇರೆ ಮನೆ ಮಾಡಿ.

ಒಂದು ಬಿದಿರಿನ ಬುಟ್ಟಿ ಇಲ್ಲವೇ ಹಳೆ ತಗಡಿನ ಡಬ್ಬಿ ತಗೊಳ್ಳಿ. ಪಾತ್ರೆ ಕೂತ ಮೇಲೆ ಸುತ್ತಲೂ, ಕೆಳಗೂ, ಮೇಲೂ ಹತ್ತು ಸೆಂಟಿಮೀಟರ್, ಅಂದರೆ ಒಂದು ಗೇಣಿನ ಅರ್ಧ, ಹಳೆ ಗಾದಿಯ ಅರಳೆಯನ್ನೋ ಮಡಿಸಿದ ಕೌದಿಯನ್ನೋ ಒತ್ತಾಗಿ ತುಂಬಿ. ಮೇಲೆ ಮುಚ್ಚಲು ಅರಳೆ ತುಂಬಿದ ದಿಂಬು ಹೊಲಿಯಿರಿ. ಜನ ತಪ್ಪುವುದು ಈ ದಿಂಬಿನಲ್ಲೇ, ತೆಳ್ಳಗೆ ಹೊಲಿದುಬಿಡುತ್ತಾರೆ. ಹೀಗೆ ಮಾಡಿದರೆ ಪಾತ್ರೆಯಿಂದ ಸೋರುವ ಬಿಸಿ ತಾಸಿಗೆ ಸುಮಾರು 50 ಕಿಲೋಜೂಲ್‌ಗೆ ಇಳಿಯುತ್ತದೆ. ನಿಮ್ಮ ಬಳಿ 300 ಇದೆ. ಸಾಗಿಸುವಾಗ ಹೋಗುವುದು, ಸಂದಿಯಲ್ಲಿ ಹೋಗುವುದು ಎಲ್ಲಾ ಕಳೆದರೂ ನಾಲ್ಕೂವರೆ ತಾಸು ಊಟ 70ರ ಆಸುಪಾಸು ನಿಲ್ಲುತ್ತದೆ. ನಾಲ್ಕರ ತನಕ ಪಾತ್ರೆ ಬಿಸಿಲಲ್ಲೇ ಇರಲಿ, ಆಮೇಲೆ ಮುಚ್ಚಳ ತೆಗೆಯದೆ, ರುಚಿ ನೋಡುವ ಆಸೆಗೂ ತೆಗೆಯದೆ, ಹಾಗೇ ಎತ್ತಿ ಬುಟ್ಟಿಗೆ ಇಡಿ.

ಕಲ್ಲಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಎರಡು ಕಿಲೋದ ಚಪ್ಪಟೆ ಕಡಪ ಕಲ್ಲನ್ನು ಪೆಟ್ಟಿಗೆಯಲ್ಲಿ ಅಡುಗೆ ಜೊತೆಗೇ ಕಾಯಿಸಿ, ಬುಟ್ಟಿಯಲ್ಲಿ ಪಾತ್ರೆಯ ಕೆಳಗೆ ಒಂದು ತಟ್ಟೆಯ ಮೇಲೆ ಇಟ್ಟರೆ ಇನ್ನೊಂದು ತಾಸು ಸಿಗುತ್ತದೆ. ಪಾತ್ರೆ ತುಂಬಾ ಅಡುಗೆ ಇರಲಿ, ಅರ್ಧ ಪಾತ್ರೆ ಬೇಗ ಆರುತ್ತದೆ.

ಒಂದು ಮಾತು ಮರೆಯಬೇಡಿ. ಅನ್ನ, ಬೇಳೆ 60 ಡಿಗ್ರಿಗಿಂತ ಕೆಳಗೆ ಉಗುರುಬೆಚ್ಚಗೆ ತಾಸುಗಟ್ಟಲೆ ಕೂತರೆ ಅದರಲ್ಲಿ ರೋಗಾಣು ಬೆಳೆಯುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬುಟ್ಟಿ ತೆಗೆದಾಗ ಹಬೆ ಏಳಬೇಕು, ಪಾತ್ರೆ ಬರಿಗೈಯಲ್ಲಿ ಹಿಡಿಯಲು ಆಗಬಾರದು. ಮೊದಲ ಕೆಲವು ದಿನ ಒಂದು ಥರ್ಮಾಮೀಟರ್ ಇಟ್ಟು ನೋಡಿ, ಅಡುಗೆಗೆ ಬಳಸುವಂಥದ್ದು, ಜ್ವರದ್ದು ಬೇಡ. ಬೆಳಗಿನ ತನಕ ಬುಟ್ಟಿಯಲ್ಲಿ ಬಿಡುವುದಂತೂ ಬೇಡವೇ ಬೇಡ.

ಪ್ರಶ್ನೆ: ಸರ್, ನಾವು ಡಿಪ್ಲೊಮಾ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಸಂಜೆ ಏಳಕ್ಕೆ ಹಸಿ ಅಕ್ಕಿ ಇಟ್ಟು ಅನ್ನ ಮಾಡುವ ಸೋಲಾರ್ ಕುಕ್ಕರ್ ಮಾಡಬೇಕು ಅಂತಿದ್ದೇವೆ. ಗಾಜಿನ ಪೆಟ್ಟಿಗೆಯಲ್ಲಿ ಉಸುಕು ತುಂಬಿದ ಡಬ್ಬಿ ಇಟ್ಟು ಬಿಸಿ ಕೂಡಿಡುವ ಯೋಚನೆ. ಎಷ್ಟು ಕಿಲೋ ಉಸುಕು ಬೇಕು? ಖರ್ಚು ಮೂರ್ನಾಲ್ಕು ಸಾವಿರ ದಾಟಬಾರದು. — ವಿದ್ಯಾರ್ಥಿ, ಹಾವೇರಿ

ಉತ್ತರ: ತಮ್ಮಾ, ಎಷ್ಟು ಕಿಲೋ ಅಂತ ಕೇಳಿದ್ದೀಯಲ್ಲ, ಅದೇ ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ನಾಲ್ಕು ಮಂದಿಗೆ ಅರ್ಧ ಕಿಲೋ ಅಕ್ಕಿ, ಒಂದೂಕಾಲು ಲೀಟರ್ ನೀರು ಅಂತ ಹಿಡಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು, ಒಣ ಅಕ್ಕಿಗೆ ಸುಮಾರು 1.6. ಎರಡೂ ಸೇರಿ ಡಿಗ್ರಿಗೆ 6. ನಮ್ಮ ಭಾಗ ಸಮುದ್ರಮಟ್ಟಕ್ಕಿಂತ ಎತ್ತರ ಇರುವುದರಿಂದ ನೀರು 97-98ಕ್ಕೇ ಕುದಿಯುತ್ತದೆ. ಹಾಗಾಗಿ 27ರಿಂದ 97ಕ್ಕೆ, ಅಂದರೆ 70 ಡಿಗ್ರಿ ಏರಿಸಬೇಕು. 420 ಕಿಲೋಜೂಲ್ ಆಯಿತು. ಪಾತ್ರೆ ಕಾಯುವುದು, ಹಬೆಯಲ್ಲಿ ಹೋಗುವುದು ಸೇರಿಸಿ 600 ಅಂತ ಇಟ್ಟುಕೋ.

ಈಗ ಉಸುಕಿಗೆ ಬಾ. ಉಸುಕು, ಕಲ್ಲು ಎರಡೂ ಕಿಲೋಗೆ ಡಿಗ್ರಿಗೆ ಸುಮಾರು 0.8 ಕಿಲೋಜೂಲ್ ಹಿಡಿಯುತ್ತವೆ. ಆದರೆ ಅನ್ನ ಕುದಿಯಬೇಕಾದರೆ ಕಲ್ಲು ಕುದಿಯುವ ನೀರಿಗಿಂತ ಬಿಸಿ ಇರಬೇಕು ಅಲ್ವಾ? 110ಕ್ಕಿಂತ ಕೆಳಗೆ ಇಳಿದ ಕಲ್ಲಿನಲ್ಲಿ ಬಿಸಿ ಎಷ್ಟೇ ಇದ್ದರೂ ಅನ್ನಕ್ಕೆ ಅದು ಉಪಯೋಗವಿಲ್ಲ. ಲೆಕ್ಕಕ್ಕೆ ಬರುವುದು 110ರ ಮೇಲಿನ ಭಾಗ ಮಾತ್ರ.

ಗಾಜಿನ ಪೆಟ್ಟಿಗೆ ಎಷ್ಟು ಬಿಸಿಯಾಗುತ್ತದೆ ಅಂತ ನೋಡು. ಭಾರತೀಯ ಮಾನಕ ಬ್ಯೂರೋ ಅಳತೆಯಲ್ಲಿ ಎ ದರ್ಜೆಯ ಪೆಟ್ಟಿಗೆ ಅಂದರೆ, ಚದರ ಮೀಟರ್‌ಗೆ ಬೀಳುವ ಪ್ರತಿ ವ್ಯಾಟ್ ಬಿಸಿಲಿಗೆ ಅದರ ಖಾಲಿ ತಳ ಹೊರಗಿನ ಗಾಳಿಗಿಂತ 0.12 ಡಿಗ್ರಿ ಮೇಲೇರಬೇಕು. 800 ವ್ಯಾಟ್ ಬಿಸಿಲಿಗೆ 96 ಡಿಗ್ರಿ. ಹೊರಗೆ 34 ಇದ್ದರೆ ತಳ 130. ಕನ್ನಡಿ ಹಿಡಿದರೆ ಇನ್ನೊಂದಿಷ್ಟು ಏರಬಹುದು. 130ರಿಂದ 110ಕ್ಕೆ ಸಿಗುವುದು ಬರೀ 20 ಡಿಗ್ರಿ, ಅಂದರೆ ಕಿಲೋಗೆ 16 ಕಿಲೋಜೂಲ್. 600 ಬೇಕಾದರೆ 38 ಕಿಲೋ ಉಸುಕು. ಅಷ್ಟು ಉಸುಕನ್ನು ಆ ಪುಟ್ಟ ಪೆಟ್ಟಿಗೆ ಒಂದು ದಿನದ ಬಿಸಿಲಲ್ಲಿ ಅಷ್ಟು ಬಿಸಿ ಮಾಡಲಾರದು.

ಅದೇ ಕಲ್ಲು 200 ಡಿಗ್ರಿಗೆ ಹೋದರೆ? 200ರಿಂದ 110ಕ್ಕೆ 90 ಡಿಗ್ರಿ, ಕಿಲೋಗೆ 72. ಎಂಟೂವರೆ, ಒಂಬತ್ತು ಕಿಲೋ ಸಾಕು.

ನಿನ್ನ ಇಡೀ ಪ್ರಾಜೆಕ್ಟ್ ಈ ಎರಡು ಅಂಕಿಗಳ ನಡುವೆ ಇದೆ. ಏನು ತುಂಬುತ್ತೀ ಅನ್ನುವುದು ಆಮೇಲೆ, ಎಷ್ಟು ಡಿಗ್ರಿಗೆ ಏರಿಸುತ್ತೀ, ಏರಿದ್ದು ಸೋರದ ಹಾಗೆ ಹೇಗೆ ಹಿಡಿಯುತ್ತೀ ಅನ್ನುವುದು ಮೊದಲು. 200 ಡಿಗ್ರಿಗೆ ಎರಡು ದಾರಿ. ಒಂದು, ಬಿಸಿಲನ್ನು ಒಂದೇ ಕಡೆ ಸೇರಿಸುವ ಬಟ್ಟಲಿನಾಕಾರದ ಡಿಶ್. ಅದನ್ನು ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಸೂರ್ಯನ ಕಡೆ ತಿರುಗಿಸಬೇಕು, ಕಾದ ಕಲ್ಲನ್ನು ಟೆರೇಸ್‌ನಿಂದ ಅಡುಗೆಮನೆಗೆ ಹೊತ್ತು ತರಬೇಕು. 200 ಡಿಗ್ರಿ ಕಲ್ಲು ಹಿಡಿದು ಮೆಟ್ಟಿಲು ಇಳಿಯುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು ಸೋಲಾರ್ ಪ್ಯಾನೆಲ್‌ನಿಂದ ನೇರ ವೈರ್ ಎಳೆದು, ಬ್ಯಾಟರಿ ಇಲ್ಲದೆ, ಇನ್ವರ್ಟರ್ ಇಲ್ಲದೆ, ಕಲ್ಲಿನೊಳಗಿನ ಒಂದು ಹೀಟರ್ ತಂತಿಗೆ ಕೊಡುವುದು. ಅಮೆರಿಕದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಪೀಟ್ ಶ್ವಾರ್ಟ್ಜ್ ಮತ್ತು ಅವರ ವಿದ್ಯಾರ್ಥಿಗಳು ಬಡವರ ಮನೆಗಾಗಿಯೇ ಈ ದಾರಿಯಲ್ಲಿ ತುಂಬಾ ಕೆಲಸ ಮಾಡಿದ್ದಾರೆ. ಒಂದೇ 100 ವ್ಯಾಟ್ ಪ್ಯಾನೆಲ್, ಚೆನ್ನಾಗಿ ಹೊದಿಸಿದ ಪಾತ್ರೆ, ಇಷ್ಟೇ. ನಮ್ಮಲ್ಲಿ ಇಂಡಿಯನ್ ಆಯಿಲ್‌ನ ಫರೀದಾಬಾದ್ ಸಂಶೋಧನಾ ಕೇಂದ್ರ 2022ರಲ್ಲಿ ತೋರಿಸಿದ ಸೂರ್ಯ ನೂತನ್ ಒಲೆಯೂ ಹೀಗೆಯೇ ಪ್ಯಾನೆಲ್ ಹೊರಗೆ, ಒಲೆ ಒಳಗೆ, ಬಿಸಿ ಒಲೆಯಲ್ಲೇ ಕೂಡಿಡುವಂಥದ್ದು. ಪ್ಯಾನೆಲ್ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ಕರೆಂಟ್ ಮಾಡುತ್ತದೆ, ಉಳಿದದ್ದು ಹೋಗುತ್ತದೆ, ಅದು ನಿಜ. ಆದರೆ ಕಲ್ಲಿಗೆ ಗಾಜಿನ ಕಿಟಕಿ ಬೇಕಾಗುವುದಿಲ್ಲ, ಆರೂ ಕಡೆ ದಪ್ಪ ಹೊದಿಕೆ ಹಾಕಬಹುದು, 200 ಡಿಗ್ರಿ ಸುಲಭಕ್ಕೆ ಮುಟ್ಟುತ್ತದೆ, ಕುಕ್ಕರ್ ಅಡುಗೆಮನೆ ಬಿಟ್ಟು ಅಲುಗಬೇಕಿಲ್ಲ. ನಾನಾದರೆ ಇದನ್ನೇ ಮಾಡುತ್ತೇನೆ.

ಎಷ್ಟು ವ್ಯಾಟ್? 100 ವ್ಯಾಟ್ ಪ್ಯಾನೆಲ್‌ನಿಂದ ತಂತಿಗೆ ನಿಜವಾಗಿ ಬರುವುದು 80ರ ಸುತ್ತ. ಐದು ತಾಸಿನ ಒಳ್ಳೆ ಬಿಸಿಲಿಗೆ ಸುಮಾರು 1,440 ಕಿಲೋಜೂಲ್. ಒಂಬತ್ತು ಕಿಲೋ ಕಲ್ಲನ್ನು 30ರಿಂದ 200ಕ್ಕೆ ಏರಿಸಲು 1,220 ಬೇಕು, ಏರುತ್ತಿರುವಾಗಲೇ ಸೋರುವುದು ಬೇರೆ. ಹಾಗಾಗಿ 100 ವ್ಯಾಟ್ ಅನ್ನಕ್ಕೆ ಸಾಲದು. ಎರಡು 100 ವ್ಯಾಟ್ ಪ್ಯಾನೆಲ್ ಇಟ್ಟುಕೋ. ನಿನ್ನ ಬಜೆಟ್‌ನಲ್ಲಿ ಹೊಸ ಪ್ಯಾನೆಲ್ ಕೂಡ ಕೊಂಡು ಎಲ್ಲಾ ಮುಗಿಸುವುದು ಕಷ್ಟ, ಕಾಲೇಜಿನಲ್ಲಿ ಹಳೆಯದು ಇದ್ದರೆ ಕೇಳಿ ತಗೋ.

ಇನ್ನು ಉಸುಕು ಬೇಡ ಅನ್ನುವುದಕ್ಕೆ ಕಾರಣ ಬೇರೆ ಇದೆ. ಒಣ ಉಸುಕು ಬಿಸಿ ಹಿಡಿಯುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಕಾಳು ಕಾಳಿನ ನಡುವೆ ಗಾಳಿ. ಬಿಸಿ ಸಾಗಿಸುವುದರಲ್ಲಿ ಅದು ಗಟ್ಟಿ ಕಲ್ಲಿನ ಹತ್ತನೇ ಒಂದು ಭಾಗವೂ ಇಲ್ಲ. ನಲವತ್ತು ನಿಮಿಷದಲ್ಲಿ ಅನ್ನ ಆಗಬೇಕಾದರೆ ಪಾತ್ರೆಗೆ 250 ವ್ಯಾಟ್ ವೇಗದಲ್ಲಿ ಬಿಸಿ ಬರಬೇಕು, ಉಸುಕು ಅಷ್ಟು ಬೇಗ ಕೊಡುವುದಿಲ್ಲ. ಗಟ್ಟಿ ಚಪ್ಪಟೆ ಕಲ್ಲು ತಗೋ, ಪಾತ್ರೆಯ ತಳವೂ ಚಪ್ಪಟೆ ಇರಲಿ, ನಡುವೆ ಕಾಗದದಷ್ಟು ಸಂದಿ ಇದ್ದರೂ ವ್ಯತ್ಯಾಸ ಗೊತ್ತಾಗುತ್ತದೆ. ಬಳಪದ ಕಲ್ಲು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಲಕ್ಕುಂಡಿ ಗುಡಿಗಳ ಸಣ್ಣ ಕೆತ್ತನೆಗೆ ಒದಗಿದ ಮೆತ್ತನೆ ಕಲ್ಲಿನ ಜಾತಿ ಅದು, ಬಿಸಿಗೆ ಸೀಳುವುದು ಕಡಿಮೆ. ಗ್ರಾನೈಟ್ ಒಮ್ಮೆಲೇ ಕಾದರೆ ಸೀಳಬಹುದು. ಹಳ್ಳದ ಉರುಟು ಕಲ್ಲು ಮಾತ್ರ ಮುಟ್ಟಬೇಡ, ಒಳಗೆ ನೀರು ಸೇರಿದ್ದರೆ ಕಾಯಿಸಿದಾಗ ಸಿಡಿಯುತ್ತದೆ. ಯಾವ ಕಲ್ಲನ್ನಾದರೂ ಮೊದಲ ಸಲ ನಿಧಾನಕ್ಕೆ, ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ ಕಾಯಿಸಿ ತೇವ ತೆಗೆ.

ಹೊದಿಕೆಗೆ ಇಲ್ಲಿ ಅರಳೆ, ಕೌದಿ ನಡೆಯುವುದಿಲ್ಲ, 200 ಡಿಗ್ರಿಗೆ ಹೊತ್ತಿಕೊಳ್ಳಬಹುದು. ಥರ್ಮಾಕೋಲ್ 100ರ ಒಳಗೇ ಕರಗಿ ಕುಗ್ಗುತ್ತದೆ. ರಾಕ್ ವೂಲ್ ಅಥವಾ ಗ್ಲಾಸ್ ವೂಲ್ (ಕಲ್ಲಿನ ಇಲ್ಲವೇ ಗಾಜಿನ ಎಳೆಯ ಅರಳೆ) ಹತ್ತು ಸೆಂಟಿಮೀಟರ್ ತುಂಬು, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು. ನಿಮ್ಮ ಕಡೆ ಅಕ್ಕಿ ಗಿರಣಿ ಇವೆ, ಭತ್ತದ ಹೊಟ್ಟು ಪೂರ್ತಿ ಸುಟ್ಟ ಬೂದಿ ಸಿಕ್ಕರೆ ಅದು ತುಂಬಾ ಅಗ್ಗದ, ಬೆಂಕಿ ಹತ್ತದ ಹೊದಿಕೆ. ಸುಡದ ಹೊಟ್ಟನ್ನು ಕಲ್ಲಿನ ಹತ್ತಿರ ಹಾಕಬೇಡ.

ಅಡುಗೆ ಎಣ್ಣೆ ತುಂಬಿ ಬಿಸಿ ಕೂಡಿಡುವ ವಿಡಿಯೋ ನೋಡಿ ಇನ್ನೂ ಕೆಲವರು ಬರೆದಿದ್ದಾರೆ. ಎಣ್ಣೆ ಕಲ್ಲಿನ ಎರಡೂವರೆ ಪಟ್ಟು ಬಿಸಿ ಹಿಡಿಯುವುದು ನಿಜ. ಆದರೆ ದಿನಾ 200ಕ್ಕೆ ಕಾದರೆ ಅದು ಕೆಟ್ಟು, ದಪ್ಪಗಾಗಿ, ಹೊಗೆಯಾಡುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿದ್ದರೆ ಒಡೆಯುತ್ತದೆ, ತೆರೆದಿದ್ದರೆ ಬೆಂಕಿಯ ಭಯ. ಮಕ್ಕಳಿರುವ ಮನೆಗೆ ಖಂಡಿತ ಬೇಡ.

ಪ್ರಶ್ನೆ: ನಾನು ಎಲೆಕ್ಟ್ರಿಕ್ ಸಾಮಾನು ರಿಪೇರಿ ಮಾಡುತ್ತೇನೆ. 100 ವ್ಯಾಟ್ ಪ್ಯಾನೆಲ್‌ಗೆ ಹಳೆ ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ಜೋಡಿಸಿದೆ, ಸ್ವಲ್ಪವೂ ಬಿಸಿಯಾಗಲಿಲ್ಲ. ಪ್ಯಾನೆಲ್ ಚೆನ್ನಾಗೇ ಇದೆ. ಏನು ಕಾರಣ? — ಮೆಕ್ಯಾನಿಕ್, ಹುಬ್ಬಳ್ಳಿ

ಉತ್ತರ: ಪ್ಯಾನೆಲ್‌ದೂ ತಪ್ಪಿಲ್ಲ, ಕಾಯಿಲ್‌ದೂ ತಪ್ಪಿಲ್ಲ, ಜೋಡಿ ಸರಿಯಿಲ್ಲ. 230 ವೋಲ್ಟ್‌ನ 750 ವ್ಯಾಟ್ ಇಸ್ತ್ರಿ ಕಾಯಿಲ್ ಅಂದರೆ ಕರೆಂಟಿಗೆ ಸುಮಾರು 70 ಓಮ್ ತಡೆ. ನಿಮ್ಮ ಪ್ಯಾನೆಲ್ ಕೆಲಸ ಮಾಡುವುದು 18 ವೋಲ್ಟ್‌ನಲ್ಲಿ. 70 ಓಮ್‌ಗೆ 18 ವೋಲ್ಟ್ ಕೊಟ್ಟರೆ ಐದು ವ್ಯಾಟ್ ಕೂಡ ಆಗುವುದಿಲ್ಲ. 18 ವೋಲ್ಟ್, ಐದೂವರೆ ಆಂಪಿಯರ್ ಎಳೆಯಬೇಕಾದರೆ 3.3 ಓಮ್ ಬೇಕು. 2,000 ವ್ಯಾಟ್ ಒಲೆಯ ಸ್ಪ್ರಿಂಗ್ ಕಾಯಿಲ್ ತಗೊಂಡು ಎಂಟು ಸಮ ಪಾಲು ಮಾಡಿದರೆ ಒಂದು ಪಾಲು ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ದಪ್ಪ ತಂತಿ ಆದ್ದರಿಂದ ಕೆಂಪಗೆ ಕಾದು ಕರಗುವ ಭಯವಿಲ್ಲ. ಮೀಟರ್ ಹಿಡಿದು ಅಳೆದೇ ಕತ್ತರಿಸಿ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನಿಮ್ಮಂಥವರಿಗೆ ಕೂಡಲೇ ತಿಳಿಯುತ್ತದೆ. ಬಿಸಿಲು ಅರ್ಧಕ್ಕಿಳಿದರೆ ಪ್ಯಾನೆಲ್‌ನ ಕರೆಂಟೂ ಅರ್ಧ, ಆದರೆ ವೋಲ್ಟೇಜ್ ಕೊಡುವ ಶಕ್ತಿ ಅದಕ್ಕೆ ಇನ್ನೂ ಇರುತ್ತದೆ. 3.3 ಓಮ್ ತಂತಿಯಲ್ಲಿ 2.75 ಆಂಪಿಯರ್ ಹರಿದರೆ ಸಿಗುವುದು 25 ವ್ಯಾಟ್. ಅರ್ಧ ಬಿಸಿಲಿಗೆ ಕಾಲು ಬಿಸಿ. ಬೆಳಿಗ್ಗೆ, ಸಂಜೆ, ತೆಳು ಮೋಡ, ಎಲ್ಲಾ ಹೊತ್ತಿನಲ್ಲೂ ಹೀಗೆ ಹೋಗುತ್ತದೆ. ಅದಕ್ಕೆ 3.3 ಓಮ್‌ನ ಎರಡು ತುಂಡು ಹಾಕಿ, ಒಂದು ಸ್ವಿಚ್ ಇಡಿ. ಪೂರ್ತಿ ಬಿಸಿಲಿಗೆ ಒಂದೇ ತುಂಡು, ಬಿಸಿಲು ಕಡಿಮೆಯಾದಾಗ ಎರಡನ್ನೂ ಸೀರೀಸ್‌ನಲ್ಲಿ. ಆಗ ಅದೇ ಅರ್ಧ ಬಿಸಿಲಿಗೆ 50 ವ್ಯಾಟ್ ಬರುತ್ತದೆ. ಒಂದು ಸ್ವಿಚ್‌ನ ಖರ್ಚಿಗೆ ಇಷ್ಟು ಲಾಭ. ತಂತಿಯ ಬದಲು ಡಯೋಡ್‌ಗಳ ಸರ ಹಾಕುವವರೂ ಇದ್ದಾರೆ, ಒಂದೊಂದು ಡಯೋಡ್ ಮುಕ್ಕಾಲು ವೋಲ್ಟ್ ಹಿಡಿಯುವುದರಿಂದ ಇಪ್ಪತ್ತಮೂರು-ಇಪ್ಪತ್ನಾಲ್ಕು ಸಾಕು, ವೋಲ್ಟೇಜ್ ತಾನಾಗೇ ನಿಲ್ಲುತ್ತದೆ. ಆದರೆ ಡಯೋಡ್ 150-175 ಡಿಗ್ರಿ ದಾಟಿದರೆ ಸಾಯುತ್ತದೆ. ಹಗಲಲ್ಲಿ ನೇರ ಪಾತ್ರೆ ಕಾಯಿಸುವುದಕ್ಕೆ ಸರಿ, 200 ಡಿಗ್ರಿ ಕಲ್ಲಿಗೆ ಅಲ್ಲ.

ಕಲ್ಲಿನ ಹತ್ತಿರ ಸಾಮಾನ್ಯ ಪಿವಿಸಿ ವೈರ್ ಬೇಡ, ಪಿಂಗಾಣಿ ಮಣಿ ಇಲ್ಲವೇ ಫೈಬರ್ ಗ್ಲಾಸ್ ಕೊಳವೆ ಹಾಕಿ. ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಬೇಕೇ ಬೇಕು, ಅದೂ ಡಿಸಿಗೆ ಅಂತ ಬರೆದಿರುವುದು. ಫ್ಯೂಸ್ ಇದೆಯಲ್ಲ ಅಂತ ನಂಬಬೇಡಿ. ಪ್ಯಾನೆಲ್ ಶಾರ್ಟ್ ಆದರೂ ಆರು ಆಂಪಿಯರ್ ದಾಟುವುದಿಲ್ಲ, ಫ್ಯೂಸ್ ಹಾರುವುದೇ ಇಲ್ಲ.

ಪ್ರಶ್ನೆ: ಮೇಣ ಕರಗುವಾಗ ಬಿಸಿ ಹೀರಿ, ಗಟ್ಟಿಯಾಗುವಾಗ ಬಿಡುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಸೋಲಾರ್ ಕುಕ್ಕರ್‌ನಲ್ಲಿ ಮೇಣದ ಡಬ್ಬಿ ಇಟ್ಟರೆ ಕಲ್ಲಿಗಿಂತ ಒಳ್ಳೆಯದಲ್ಲವೇ? — ವಿಜ್ಞಾನ ಶಿಕ್ಷಕಿ, ಧಾರವಾಡ

ಉತ್ತರ: ಟೀಚರ್, ತತ್ವ ಸರಿ. ಮೇಣ ಕರಗುವಾಗ ಕಿಲೋಗೆ ಸುಮಾರು 200 ಕಿಲೋಜೂಲ್ ಹೀರುತ್ತದೆ, ಅದು ಕಲ್ಲಿಗೆ ಎಟುಕುವ ಮಾತಲ್ಲ. ಆದರೆ ಕರಗುವುದು 50-65 ಡಿಗ್ರಿಯಲ್ಲಿ. ಆ ಬಿಸಿಯಲ್ಲಿ ಬೇಳೆ ಬೇಯುವುದಿಲ್ಲ, ಬೆಂದದ್ದು ಬೆಚ್ಚಗಿರುತ್ತದೆ ಅಷ್ಟೇ, ಬೆಚ್ಚಗಿಡಲು ಕೌದಿಯ ಬುಟ್ಟಿ ಸಾಕು. ಮೇಣ ಹೊತ್ತಿಕೊಳ್ಳುವ ವಸ್ತು ಬೇರೆ.

ಬೇಯಿಸಲು ತಕ್ಕ ಜಾಗದಲ್ಲಿ ಕರಗುವ ವಸ್ತುಗಳಿವೆ. ಎರಿಥ್ರಿಟಾಲ್ ಅಂತ ಒಂದು, ಸಕ್ಕರೆ ಬದಲು ಸಿಹಿಗೆ ಬಳಸುತ್ತಾರೆ. 118 ಡಿಗ್ರಿಗೆ ಕರಗುತ್ತದೆ, ಕಿಲೋಗೆ ಸುಮಾರು 340 ಕಿಲೋಜೂಲ್ ಹೀರುತ್ತದೆ. ಎರಡು ಕಿಲೋದಲ್ಲಿ ನಾಲ್ವರ ಅನ್ನ ಆಗಬೇಕು, ಲೆಕ್ಕದಲ್ಲಿ. ತೊಂದರೆ ಏನಂದರೆ ಅದು 118ಕ್ಕೆ ಮತ್ತೆ ಗಟ್ಟಿಯಾಗುವುದಿಲ್ಲ. ಬಹಳ ಕೆಳಗಿನ ತನಕ ದ್ರವವಾಗೇ ಇಳಿದು, ಬೇಕಾದಾಗ ಬಿಸಿ ಕೊಡದೆ, ಬೇಡವಾದಾಗ ಕೊಡುತ್ತದೆ. ಬೆಲೆಯೂ ಜಾಸ್ತಿ. ಅಸಿಟನಿಲೈಡ್ ಅಂತ ಇನ್ನೊಂದು 119ರ ಹತ್ತಿರ ಕರಗುತ್ತದೆ, ನಮ್ಮ ದೇಶದಲ್ಲೇ ಸೋಲಾರ್ ಕುಕ್ಕರ್‌ಗೆ ಅದನ್ನು ಹಾಕಿ ಪ್ರಯೋಗ ಮಾಡಿದ್ದಾರೆ. ಆದರೆ ಅದು ಹೊಟ್ಟೆಗೆ ಹೋದರೆ ವಿಷ, ಅಡುಗೆಮನೆಗೆ ತರಬಾರದು. ದೊಡ್ಡ ಸೌರ ವಿದ್ಯುತ್ ಸ್ಥಾವರಗಳಲ್ಲಿ ಬಳಸುವ ನೈಟ್ರೇಟ್ ಉಪ್ಪು ಕೂಡ ಮನೆಗೆ ಬೇಡ, ಎಣ್ಣೆ, ಕಟ್ಟಿಗೆ ತಗುಲಿದರೆ ಬೆಂಕಿಯನ್ನು ಜೋರು ಮಾಡುವ ವಸ್ತು ಅದು. ಮಕ್ಕಳಿಗೆ ತೋರಿಸಲು ಒಂದು ಸಣ್ಣ ಡಬ್ಬಿ ಮೇಣ, ಒಂದು ಥರ್ಮಾಮೀಟರ್ ಇಟ್ಟು ನಿಮಿಷಕ್ಕೊಮ್ಮೆ ಬರೆಸಿ. ಇಳಿಯುತ್ತಿದ್ದ ಶಾಖ ಒಂದು ಕಡೆ ನಿಂತುಬಿಡುವುದನ್ನು ಅವರೇ ಕಂಡರೆ ಮರೆಯುವುದಿಲ್ಲ.

ಪ್ರಶ್ನೆ: ಅನ್ನ, ಬೇಳೆ ಎಲ್ಲಾ ಸರಿ. ನಮಗೆ ರೊಟ್ಟಿ ಬೇಕಲ್ಲ? — ರೈತ ಮಹಿಳೆ, ನವಲಗುಂದ

ಉತ್ತರ: ಅಕ್ಕಾ, ಜೋಳದ ರೊಟ್ಟಿಗೆ ಹಂಚು 200 ಡಿಗ್ರಿ ದಾಟಿರಬೇಕು, ಒಂದರ ಹಿಂದೆ ಒಂದು ಹಾಕಿದರೂ ಇಳಿಯಬಾರದು. ಪೆಟ್ಟಿಗೆ ಕುಕ್ಕರ್‌ನಲ್ಲಿ ಆಗದು. 1.4 ಮೀಟರ್ ಅಗಲದ ಡಿಶ್ ಕುಕ್ಕರ್‌ನಲ್ಲಿ ಆಗುತ್ತದೆ, ಆದರೆ ನಡು ಮಧ್ಯಾಹ್ನ ಬಿಸಿಲಲ್ಲಿ ನಿಂತು, ಕಣ್ಣಿಗೆ ಹೊಳಪು ಹೊಡೆಯುತ್ತಿರುವಾಗ ರೊಟ್ಟಿ ಬೇಯಿಸಿ ಅಂತ ನಾನು ನಿಮಗೆ ಹೇಳಲಾರೆ. ರೊಟ್ಟಿ ಒಲೆಯ ಮೇಲೇ ಇರಲಿ. ವಾರಕ್ಕೊಮ್ಮೆ ಒಲೆ ಹಚ್ಚಿ ಕಡಕ್ ರೊಟ್ಟಿ ಮಾಡಿಟ್ಟುಕೊಳ್ಳುವ ರೂಢಿ ನಿಮ್ಮಲ್ಲಿ ಹೇಗೂ ಇದೆ. ದಿನದ ಕಾಳು ಪಲ್ಯ, ಬೇಳೆ, ನುಚ್ಚು, ಅನ್ನ, ಕಾಯಿಸುವ ನೀರು ಇಷ್ಟನ್ನು ಬಿಸಿಲಿಗೆ ಬಿಟ್ಟರೂ ಕಟ್ಟಿಗೆಯ ದೊಡ್ಡ ಪಾಲು ಉಳಿಯುತ್ತದೆ. ನಿಧಾನ ಬೇಯುವ ಕಾಳೇ ಹೆಚ್ಚು ಉರುವಲು ತಿನ್ನುವುದು.

ಪ್ರಶ್ನೆ: ಸ್ವಂತ ಪೆಟ್ಟಿಗೆ ಮಾಡುತ್ತಿದ್ದೇನೆ. ಯಾವ ಗಾಜು, ಯಾವ ಬಣ್ಣ? — ಬಡಗಿ, ರಾಣೆಬೆನ್ನೂರು

ಉತ್ತರ: ಎರಡು ಗಾಜು, ನಡುವೆ ಒಂದರಿಂದ ಎರಡು ಸೆಂಟಿಮೀಟರ್ ಗಾಳಿ. ಗಾಜಿನ ಮೇಲೆ ಗಾಜಿಟ್ಟರೆ ಒಳಗೆ ಬಿಸಿ ಏರುತ್ತದೆ ಅಂತ ಜಿನೀವಾದ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಪೆಟ್ಟಿಗೆ ಮಾಡಿ ತೋರಿಸಿದ್ದ, ಮುಂದೆ ಅದನ್ನು ಸುಧಾರಿಸಿ 110 ಡಿಗ್ರಿಯ ಹತ್ತಿರ ಮುಟ್ಟಿಸಿದ. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಒಳ್ಳೆಯದು, ಆದರೆ ಅಳತೆ ಕೊಟ್ಟೇ ತರಿಸಿ, ಆಮೇಲೆ ಕತ್ತರಿಸಲು ಬರುವುದಿಲ್ಲ. ಗಾಜಿಗೆ ಚೌಕಟ್ಟಿನಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಬಿಡಿ, ಬಿಗಿ ಕೂರಿಸಿದರೆ ಹಿಗ್ಗಿ ಒಡೆಯುತ್ತದೆ. ಒಳ ತಗಡಿಗೆ ಹೊಳಪಿಲ್ಲದ ಕಪ್ಪು, ಬಿಸಿ ತಡೆಯುವ ಬಣ್ಣ. ಅಡುಗೆ ಇಡುವ ಮೊದಲು ವಾಸನೆ ಪೂರ್ತಿ ಹೋಗುವ ತನಕ ಖಾಲಿ ಪೆಟ್ಟಿಗೆಯನ್ನು ಬಿಸಿಲಿಗೆ ಇಡಿ.

ಪ್ರಶ್ನೆ: ಕನ್ನಡಿಯನ್ನು ಯಾವ ದಿಕ್ಕಿಗೆ ಇಡಬೇಕು? ದಕ್ಷಿಣಕ್ಕೆ ಅಂತ ಓದಿದ್ದೇನೆ, ಆದರೆ ಮೇ ತಿಂಗಳಲ್ಲಿ ಸರಿಬರಲಿಲ್ಲ. — ಓದುಗ, ಶಿಗ್ಗಾವಿ

ಉತ್ತರ: ನೀವು ಕಂಡಿದ್ದೇ ಸರಿ. ದಕ್ಷಿಣ ಅನ್ನುವುದು ದೆಹಲಿಯವರಿಗೆ ವರ್ಷಪೂರ್ತಿ ಸರಿ, ನಮಗಲ್ಲ. ನಾವು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಮೇ ತಿಂಗಳಲ್ಲಿ ಸೂರ್ಯ ಹತ್ತಿರ ಹತ್ತಿರ ನೆತ್ತಿಯ ಮೇಲೆ, ಪೆಟ್ಟಿಗೆ ಮಟ್ಟಸವಾಗಿಟ್ಟರೆ ಸಾಕು, ಕನ್ನಡಿಯನ್ನು ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ. ಡಿಸೆಂಬರ್‌ನಲ್ಲಿ ನಡು ಮಧ್ಯಾಹ್ನವೂ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕಿಂತ ಮೇಲೇರುವುದಿಲ್ಲ. ಆಗ ಪೆಟ್ಟಿಗೆಯ ಉತ್ತರದ ಅಂಚಿಗೆ ಕನ್ನಡಿ ನಿಲ್ಲಿಸಿ ದಕ್ಷಿಣಕ್ಕೆ ಮುಖ ಮಾಡಬೇಕು.

ಪ್ರಶ್ನೆ: ಧಾರವಾಡದ ಮಳೆಗಾಲದಲ್ಲಿ ಏನು ಮಾಡಬೇಕು? ಜುಲೈನಲ್ಲಿ ಬಿಸಿಲೇ ಇರುವುದಿಲ್ಲ. ನಾವಂತೂ ಬಾಡಿಗೆ ಮನೆಯವರು, ಟೆರೇಸ್ ಕೂಡ ಇಲ್ಲ. — ಓದುಗರು, ಧಾರವಾಡ

ಉತ್ತರ: ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮ ಊರಲ್ಲಿ ಬಿಸಿಲನ್ನು ನಂಬಿ ಅಡುಗೆ ಇಡಬೇಡಿ. ಗದಗ, ನರಗುಂದ ಕಡೆ ಪರವಾಗಿಲ್ಲ, ಆದರೆ ಅಲ್ಲೂ ಆ ತಿಂಗಳುಗಳಲ್ಲಿ ಗಾಳಿ ಜೋರು, ಕನ್ನಡಿ ಕಟ್ಟಿಡಬೇಕು.

ಆದರೆ ಮೊದಲ ಉತ್ತರದಲ್ಲಿ ಹೇಳಿದ ಬುಟ್ಟಿಗೆ ಬಿಸಿಲು ಬೇಕೇ ಬೇಕು ಅಂತಿಲ್ಲ. ಟೆರೇಸ್ ಇಲ್ಲದವರು, ಬಾಡಿಗೆ ಕೋಣೆಯಲ್ಲಿ ಓದುವ ಹುಡುಗರು, ಎಲ್ಲರೂ ಅದನ್ನು ಗ್ಯಾಸ್ ಜೊತೆಗೇ ಬಳಸಬಹುದು, ವರ್ಷಪೂರ್ತಿ. ರಾತ್ರಿ ನೆನೆಸಿದ ಹೆಸರು, ಮಡಿಕೆ, ಅಲಸಂದಿ ಕಾಳನ್ನು ಬೆಳಿಗ್ಗೆ ಗ್ಯಾಸ್ ಮೇಲೆ ಹತ್ತು-ಹದಿನೈದು ನಿಮಿಷ ಕುದಿಸಿ, ಮುಚ್ಚಳ ಬಿಗಿ ಮಾಡಿ, ಬುಟ್ಟಿಗಿಟ್ಟು ಮುಚ್ಚಿ. ಎರಡು ಮೂರು ತಾಸಿಗೆ ಬೆಂದಿರುತ್ತದೆ. ಅನ್ನಕ್ಕೆ ಐದು ನಿಮಿಷದ ಕುದಿ, ಮುಕ್ಕಾಲು ತಾಸಿನ ಬುಟ್ಟಿ. ನೀರು ಮಾತ್ರ ಎಂದಿಗಿಂತ ಸ್ವಲ್ಪ ಕಡಿಮೆ ಹಾಕಿ, ಹಬೆಯಾಗಿ ಹೋಗುವುದಿಲ್ಲವಲ್ಲ. ಕಡಲೆಗೆ ನಡುವೆ ಇನ್ನೊಮ್ಮೆ ಕುದಿಸಿ ಮತ್ತೆ ಬುಟ್ಟಿಗೆ ಇಡಬೇಕಾಗಬಹುದು.

ರಾಜ್ಮಾ ಮಾಡುವವರಿಗೆ ಎಚ್ಚರಿಕೆ. ಅದರಲ್ಲೊಂದು ಸಹಜ ವಿಷ ಇದೆ, ಕುದಿಯದೆ ಬರೀ 80 ಡಿಗ್ರಿಯಲ್ಲಿ ಮೆತ್ತಗಾದರೆ ಅದು ಹೋಗುವುದಿಲ್ಲ, ವಾಂತಿ-ಭೇದಿ ಹಿಡಿಯುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ತಾಸು ಕೊತಕೊತ ಕುದಿಸಿದ ಮೇಲೆಯೇ ಬುಟ್ಟಿಗೆ.

ಮಳೆಗಾಲದಲ್ಲಿ ಬುಟ್ಟಿಗೆ ಒಂದೇ ಶತ್ರು, ತೇವ. ಹಬೆ ಕುಡಿದು ಒದ್ದೆಯಾದ ಅರಳೆ ಬಿಸಿ ಹಿಡಿಯುವುದಿಲ್ಲ, ವಾಸನೆಯೂ ಬರುತ್ತದೆ. ಪಾತ್ರೆಗೂ ದಿಂಬಿಗೂ ನಡುವೆ ಒಂದು ಸ್ಟೀಲ್ ತಟ್ಟೆ ಮುಚ್ಚಿ, ದಿಂಬಿನ ಗವಸು ತೆಗೆದು ಒಗೆಯಲು ಬರುವಂತೆ ಹೊಲಿಯಿರಿ. ಬಿಸಿಲು ಬಿದ್ದ ದಿನ ಒಳಗಿನ ಅರಳೆಯನ್ನು ಹೊರಗೆ ಹರವಿ.